ಬಾಟಲಿಯ ತಳದ ಬಿಳಿ ಪುಡಿ

ಆ ಬ್ರೂವರಿಯಲ್ಲಿ ಅಕ್ಕನ ಕಣ್ಣು ತಪ್ಪಿಸಿ ಒಂದು ಲೋಟವನ್ನಾದರೂ ತೊಳೆಯದೆ ಬಳಸಿದವರು ಇನ್ನೂ ಹುಟ್ಟಿರಲಿಲ್ಲ. ಪೀಪಾಯಿ, ಕೊಳವೆ, ಬಾಟಲಿ, ಸೌಟು, ಕೊನೆಗೆ ತೊಳೆಯುವ ಬ್ರಷ್ಷು ಕೂಡ ಅವಳ ಕೈಯಲ್ಲಿ ಮೂರು ಸಲ ನೀರು ಕಂಡೇ ಹೊರಗೆ ಬರಬೇಕು. ಮೊದಲು ಬಿಸಿನೀರು, ಆಮೇಲೆ ತಣ್ಣೀರು, ಕಟ್ಟಕಡೆಗೆ ಔಷಧಿ ನೀರು. ಈ ಔಷಧಿ ನೀರು ಬಿಯರ್ ಮಾಡುವವರಿಗೆ ಬಲಗೈ ಇದ್ದ ಹಾಗೆ. ಕಣ್ಣಿಗೆ ಕಾಣದ ಕ್ರಿಮಿಗಳನ್ನು ಅದು ಕೊಲ್ಲುತ್ತದೆ, ಬಿಯರಿನ ರುಚಿಯ ತಂಟೆಗೆ ಹೋಗುವುದಿಲ್ಲ. ಅದನ್ನು ಹಾಕಿ ಬಗ್ಗಿಸಿದ ಮೇಲೆ ಮತ್ತೆ ಜಾಲಿಸುವ ಕೆಲಸವಿಲ್ಲ. ತಳದಲ್ಲಿ ನಾಲ್ಕು ಹನಿ ಉಳಿದರೂ ಒಳ್ಳೆಯದೇ. ಕೆಲಸದವರು ಬೆನ್ನ ಹಿಂದೆ ಅವಳನ್ನು ‘ಮೂರ್ಸಲ’ ಎಂದು ಕರೆಯುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದೂ ಬೀಳದಂತೆ ನಟಿಸುವುದರಲ್ಲಿ ಅವಳಿಗೊಂದು ಗುಟ್ಟಿನ ಹೆಮ್ಮೆಯಿತ್ತು.

ಬ್ರೂವರಿ ಕಟ್ಟಿದವನು ಅಪ್ಪ. ಅದಕ್ಕೂ ಮೊದಲು ಹಿತ್ತಲಿನ ಬಾವಿ ತೋಡಿಸಿದವನೂ ಅವನೇ. ನಲವತ್ತು ಅಡಿಗೆ ಸಿಕ್ಕಿದ ನೀರನ್ನು ಬಾಯಿಗೆ ಹಾಕಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, “ಇದು ಬರೀ ನೀರಲ್ಲ, ಬಿಯರ್ ಆಗೋಕೆ ಕಾಯ್ತಾ ಕೂತಿರೋ ನೀರು” ಎಂದಿದ್ದನಂತೆ. “ಬಿಯರಲ್ಲಿ ತೊಂಬತ್ತು ಪಾಲು ನೀರು, ಮಿಕ್ಕ ಹತ್ತು ಪಾಲು ನಮ್ಮ ಜಂಬ” ಎಂಬುದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ ಇನ್ನೊಂದು ಮಾತು. ಮುಂದಿನ ಕೋಣೆಯ ಕಟ್ಟೆಯ ಮೇಲೆ ದೊಡ್ಡದೊಂದು ಗಾಜಿನ ಹೂಜಿಯಿಟ್ಟು, ಬಾವಿಯ ಹಸಿ ನೀರನ್ನು ತುಂಬಿಸಿ, ಬಿಯರ್ ಕುಡಿಯುವ ಮುನ್ನ ಒಂದು ಗುಟುಕು ಅದನ್ನು ಕುಡಿಯಿರೆಂದು ಎಲ್ಲರನ್ನೂ ಒತ್ತಾಯಿಸುತ್ತಿದ್ದ. ಅವನು ತೀರಿಕೊಂಡು ವರ್ಷವಾಗಿದ್ದರೂ ಹೂಜಿ ಅಲ್ಲೇ ಇತ್ತು. ದಿನವೂ ತುಂಬುತ್ತಿತ್ತು, ದಿನವೂ ಬರಿದಾಗುತ್ತಿತ್ತು.

ಹೂಜಿಯ ಹಿಂದಿನ ಗೋಡೆಯ ಮೇಲೆ ಹನ್ನೊಂದು ಚೌಕಟ್ಟುಗಳು. ಸ್ವಂತ ಬಾವಿಯ ನೀರು ಬಳಸುವ ಸಣ್ಣ ಬ್ರೂವರಿಗಳು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂದಾಗಿನಿಂದ ಸಿಕ್ಕಿದ ಪ್ರಮಾಣಪತ್ರಗಳು ಅವು. ಪ್ರತಿ ವರ್ಷವೂ ಲ್ಯಾಬಿನಿಂದ ಒಂದು ಪುಟ್ಟ ಬಾಟಲಿ, ಒಂದು ಫಾರಂ, ಒಂದು ತಣ್ಣನೆಯ ಪೆಟ್ಟಿಗೆ ಬರುತ್ತಿದ್ದವು. ಬಾಟಲಿಗೆ ಬಾವಿಯ ನಲ್ಲಿಯಿಂದ ನೀರು ಹಿಡಿದು ಅಂದೇ ಕಳುಹಿಸಬೇಕು. ಆ ಕೆಲಸವನ್ನು ಅಕ್ಕ ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಪ್ರತಿ ಸಲವೂ ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಕಸ. ಅವಳ ಮೈಯೆಲ್ಲ ಉರಿಯುತ್ತಿತ್ತು. ಬಿಸಿನೀರು, ತಣ್ಣೀರು, ಔಷಧಿ ನೀರು ಎಂದು ಮೂರು ಸಲ ತೊಳೆದು, ಬಗ್ಗಿಸಿ, ಆಮೇಲೆ ನೀರು ಹಿಡಿದು, ಫಾರಮ್ಮಿನ ಹಿಂದೆ ಲ್ಯಾಬಿನವರಿಗೆ ನಾಲ್ಕು ಮಾತು ಬರೆದು ಕಳುಹಿಸುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಪ್ರಮಾಣಪತ್ರ ಬರುತ್ತಿತ್ತು: ‘ಕ್ರಿಮಿಗಳು ಕಂಡುಬಂದಿಲ್ಲ.’

ಹನ್ನೆರಡನೆಯ ವರ್ಷ ಬಾಟಲಿ ಬರಲಿಲ್ಲ. ಬಾಟಲಿಯ ಬದಲು ಮನುಷ್ಯರೇ ಬಂದರು.

ಮೂವತ್ತರ ಆಸುಪಾಸಿನ ಹೆಂಗಸು. ಕಾಲಿಗೆ ರಬ್ಬರ್ ಬೂಟು, ಹೆಗಲಿಗೆ ನೀಲಿ ಪೆಟ್ಟಿಗೆ. ಬೆಳಿಗ್ಗೆ ಹತ್ತು ಗಂಟೆಗೆ ಬಾಟಲಿ ತುಂಬುವ ಕೋಣೆಯ ಬಾಗಿಲಲ್ಲಿ ನಿಂತು ಲ್ಯಾಬಿನಿಂದ ಬಂದಿದ್ದೇನೆಂದಳು. ಒಳಗೆ ಅಕ್ಕನೂ, ಇಪ್ಪತ್ತು ವರ್ಷಗಳಿಂದ ಬಾಟಲಿಗಳಿಗೆ ಮುಚ್ಚಳ ಒತ್ತುವುದನ್ನೇ ಕಸುಬು ಮಾಡಿಕೊಂಡು, ಅದರಿಂದಲೇ ‘ಮುಚ್ಚಳ’ ಎಂದು ಹೆಸರಾಗಿದ್ದ ಮುದುಕನೂ ಇದ್ದರು. ಹೆಂಗಸು ಜೇಬಿನಿಂದ ಒಂದು ಫಾರಂ ತೆಗೆದು, ಹಿಂದೆ ತಿರುಗಿಸಿದಳು.

“ಇದನ್ನ ಬರೆದಿದ್ದು ನೀವೇನಾ ಅಮ್ಮ? ‘ಮಾನ್ಯರೇ, ಬಾಟಲಿಯ ತಳದಲ್ಲಿ ಎಂದಿನಂತೆ ಕಸವಿದೆ. ಎಂದಿನಂತೆ ನಾನೇ ಮೂರು ಸಲ ತೊಳೆದು ತುಂಬಿಸಿದ್ದೇನೆ. ನೀರನ್ನು ಪರೀಕ್ಷೆ ಮಾಡುವ ನಿಮಗೆ ಬಾಟಲಿ ತೊಳೆಯಲು ನೀರಿಲ್ಲವೇ?’”

ಮುಚ್ಚಳ ಕಿಸಕ್ಕನೆ ನಕ್ಕ. ಅಕ್ಕ ನಗಲಿಲ್ಲ.

“ನಾನೇ. ಹನ್ನೊಂದು ವರ್ಷದಿಂದ ಬರೀತಾನೇ ಇದೀನಿ. ಕ್ಷಮೆ ಕೇಳೋಕೆ ಇಷ್ಟು ದೂರ ಬಂದ್ಯೇನಮ್ಮ?”

“ಈ ಕೆಲಸಕ್ಕೆ ಸೇರಿ ನಂಗೆ ಎರಡು ತಿಂಗಳಾಯ್ತು. ಫಾರಮ್ಮಿನ ಹಿಂದೆ ಯಾರೂ ನೋಡ್ತಿರಲಿಲ್ಲ ಅನ್ಸುತ್ತೆ. ನಾನು ನೋಡಿದೆ. ಹಳೇವನ್ನೂ ಹುಡುಕಿ ತೆಗೆದೆ.” ಅವಳ ದನಿ ತಗ್ಗಿತು. “ಅದು ಕಸ ಅಲ್ಲಮ್ಮ. ನಾವೇ ಅಳೆದು ಹಾಕೋ ಪುಡಿ. ನೀರಲ್ಲಿ ಕ್ರಿಮಿ ಸಾಯಿಸೋ ಔಷಧಿ ಏನಾದ್ರೂ ಸೇರಿದ್ರೆ ಈ ಪುಡಿ ಅದರ ಹಲ್ಲು ಕಿತ್ತು ಹಾಕುತ್ತೆ. ಇಲ್ಲಾಂದ್ರೆ ಬಾಟಲಿ ನಮ್ಮ ಕೈ ಸೇರೋ ಹೊತ್ತಿಗೆ ದಾರೀಲೇ ಎಲ್ಲಾ ಸತ್ತಿರುತ್ತೆ. ನಾವು ಸತ್ತಿರೋದನ್ನ ಎಣಿಸೋಕಾಗಲ್ಲ.”

“ನಮ್ಮ ಬಾವಿಗೆ ನಾವು ಔಷಧಿ ಹಾಕೋದೇ ಇಲ್ವಲ್ಲ.”

“ಬಾವಿಗಲ್ಲ. ಬಾಟಲೀನ ಮೂರು ಸಲ ತೊಳೀತೀರಲ್ಲ, ಮೂರನೇ ಸಲ ಯಾವುದರಲ್ಲಿ?”

ಉತ್ತರ ಕೊಟ್ಟವನು ಮುಚ್ಚಳ. “ಔಷಧಿ ನೀರಲ್ಲಿ. ಇಲ್ಲಿ ಎಲ್ಲಾನೂ ಅದರಲ್ಲೇ ಮುಳುಗಿ ಏಳಬೇಕು. ನಾನೊಬ್ಬ ಹೆಂಗೋ ತಪ್ಪಿಸಿಕೊಂಡಿದೀನಿ.”

ತಾನೇನು ಹೇಳಿದೆನೆಂಬುದು ಅವನಿಗೂ ಆಗ ಹೊಳೆಯಿತು. ಕೈಯಲ್ಲಿದ್ದ ಬಾಟಲಿಯನ್ನು ಸದ್ದಾಗದಂತೆ ಕೆಳಗಿಟ್ಟ.

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಚೊಕ್ಕಟವಾಗಿರುವುದೂ ತಪ್ಪಾಯಿತೇ? ಪುಡಿಯ ವಿಷಯವನ್ನು ಬಾಟಲಿಯ ಮೇಲೆ ಬರೆಯಬಾರದಿತ್ತೇ ಎಂದು ಕೇಳಿಯೂ ಬಿಟ್ಟಳು. ಹೆಂಗಸು ನೀಲಿ ಪೆಟ್ಟಿಗೆ ತೆರೆದು ಹೊಸದೊಂದು ಬಾಟಲಿಯನ್ನು ತೋರಿಸಿದಳು. ಬರೆದಿತ್ತು. ಮುಚ್ಚಳದ ಸುತ್ತ, ಇರುವೆ ಸಾಲಿನಂಥ ಅಕ್ಷರಗಳಲ್ಲಿ: ‘ತೊಳೆಯಬೇಡಿ.’ ಹನ್ನೊಂದು ವರ್ಷವೂ ಅವಳು ಮುಚ್ಚಳವನ್ನು ತಿರುಗಿಸಿ ತೆಗೆದದ್ದೇ ಬಂತು, ಓದಿರಲಿಲ್ಲ. ಬಾಟಲಿ ತೊಳೆಯುವುದನ್ನು ತನಗೆ ಯಾರಾದರೂ ಬರೆದು ಕಲಿಸಬೇಕೇ ಎಂಬ ಠೇಂಕಾರ ಆ ಕೈಗಳಿಗಿತ್ತು.

ಅಷ್ಟರಲ್ಲಿ ಮಾಲ್ಟಿನ ಹಿಟ್ಟನ್ನು ಮೈಮೇಲೆಲ್ಲ ಹಚ್ಚಿಕೊಂಡು ತಮ್ಮ ಬಂದ. ಅಪ್ಪನ ನಂತರ ಬಿಯರ್ ಕಾಯಿಸುವವನು ಅವನೇ. ವಿಷಯ ತಿಳಿದು ಮೊದಲು ತಮಾಷೆ ಮಾಡಿದ.

“ಅಯ್ಯೋ, ಅಕ್ಕನ ಕೈಗೆ ಸಿಕ್ಕಿದ ಕ್ರಿಮಿ ಬದುಕೋದುಂಟಾ ಮೇಡಂ? ಅವಳು ಬೈದ್ರೇ ಅರ್ಧ ಸಾಯುತ್ವೆ.” ಯಾರೂ ನಗದಿದ್ದಾಗ ದನಿ ಬದಲಿಸಿದ. “ಹೇಗಿದ್ರೂ ನಾವು ಕುದಿಸ್ತೀವಲ್ಲ. ಒಂದು ಗಂಟೆ ಕುದಿಯುತ್ತೆ. ಅದರಲ್ಲಿ ಏನು ಉಳಿಯುತ್ತೆ?”

“ಕುದಿಸಿದ ಮೇಲೆ ತೆಳು ಮಾಡೋಕೆ ಹಸಿ ನೀರು ಬೆರೆಸ್ತೀರಾ?”

ತಮ್ಮ ತಿರುಗಿ ಹಿಂದಿನ ದೊಡ್ಡ ಟ್ಯಾಂಕಿನತ್ತ ನೋಡಿದ. ಬೆರೆಸುತ್ತಿದ್ದರು. ಅದು ಅಪ್ಪ ಹಾಕಿಕೊಟ್ಟ ಕ್ರಮ.

“ಮುಂದಿನ ಕೋಣೇಲಿ ಒಂದು ಹೂಜಿ ನೋಡಿದೆ,” ಎಂದಳು ಹೆಂಗಸು. “ಅದೂ ಕುದಿಸಿದ್ದಾ?”

ಅಕ್ಕ ಹಿತ್ತಲಿನ ಬಾಗಿಲು ತೆರೆದಳು.

ಬಾವಿಯ ನಲ್ಲಿಯ ಹತ್ತಿರ ನಾಲ್ವರೂ ಹೋದರು. ಹೊರಗಿನ ಕ್ರಿಮಿ ಸೇರದಂತೆ ಹೆಂಗಸು ನಲ್ಲಿಯ ಬಾಯಿಗೆ ಪುಟ್ಟ ಬೆಂಕಿಯ ನಾಲಿಗೆ ಹಿಡಿದು ಕಾಯಿಸಿದಳು, ಐದು ನಿಮಿಷ ನೀರು ಬಿಟ್ಟಳು, ಕೈಗವಸು ಹಾಕಿಕೊಂಡು ಬಾಟಲಿಯ ಮುಚ್ಚಳ ತೆಗೆದಳು. ತಳದಲ್ಲಿ ಆ ಬಿಳಿ ಪುಡಿ ಕಂಡ ಕೂಡಲೇ ಅಕ್ಕನ ಕೈ ತಾನಾಗಿ ಮುಂದಕ್ಕೆ ಬಂತು. ಅದನ್ನು ಹಿಂದಕ್ಕೆಳೆದು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ನೀರು ಬಿತ್ತು, ಪುಡಿ ಒಂದು ಗಳಿಗೆ ಮೋಡದಂತೆ ತೇಲಿ ಕರಗಿತು. ಕಣ್ಣಿಗೆ ಕಾಣುವಂತೆ ಅದರಲ್ಲಿ ಏನೂ ಇರಲಿಲ್ಲ. ಅಪ್ಪ ನೆಚ್ಚಿಕೊಂಡಿದ್ದ ಅದೇ ತಿಳಿನೀರು.

ಹೂಜಿಯನ್ನು ದಾಟಿ ಮುಂದಿನ ಕೋಣೆಯ ಮೇಜಿನ ಮೇಲೆ ಫಾರಂ ಬಿಡಿಸಿಟ್ಟು ಹೆಂಗಸು ಪೆನ್ನನ್ನು ಅಕ್ಕನ ಮುಂದೆ ಇಟ್ಟಳು.

“ಇಲ್ಲೊಂದು ಕಲಂ ಇದೆ. ‘ಹಿಂದಿನ ಸ್ಯಾಂಪಲ್‌ಗಳನ್ನು ತೆಗೆದ ಬಗೆ.’ ಇದನ್ನ ನಾನು ತುಂಬೋ ಹಾಗಿಲ್ಲ, ಸ್ಯಾಂಪಲ್ ತೆಗೆದವರೇ ತುಂಬಬೇಕು. ಸುಮಾರು ಜನ ಖಾಲಿ ಬಿಡ್ತಾರೆ. ಖಾಲಿ ಬಿಟ್ರೆ ಇವತ್ತಿನ ನೀರು ಹೇಗಿದೆಯೋ ಅಷ್ಟೇ ಲೆಕ್ಕ. ಬರೆದ್ರೆ ಹಳೇ ಪ್ರಮಾಣಪತ್ರ ಎಲ್ಲಾ ರದ್ದಾಗುತ್ತೆ. ಇವತ್ತಿನ ನೀರು ಚೆನ್ನಾಗಿದ್ರೂ ಅಷ್ಟೇ, ತಿಂಗಳಿಗೊಂದರಂತೆ ಮೂರು ಸ್ಯಾಂಪಲ್ ಸರಿ ಬರೋ ತನಕ ಬ್ರೂವರಿ ಮುಚ್ಚಬೇಕು. ನಿಯಮ ಹಾಗಿದೆ.”

“ಆದ್ರೆ ನೀವು ಬಂದಿದ್ದೇ ಆ ಹಳೇ ಚೀಟಿ ನೋಡಿ,” ಎಂದ ತಮ್ಮ.

“ಚೀಟಿ ದೂರು ಅಷ್ಟೇ. ಔಷಧಿ ನೀರಲ್ಲಿ ತೊಳೆದೆ ಅಂತ ಅದರಲ್ಲಿಲ್ಲ. ಅದನ್ನ ಕೇಳೋಕೇ ನಾನು ಬಂದೆ. ನಾನು ಕೇಳಿದ್ದು ಬರೆದ ಹಾಗಾಗಲ್ಲ.” ಅವಳು ಪೆಟ್ಟಿಗೆ ಎತ್ತಿಕೊಂಡಳು. “ನಾನು ಹೊರಗೆ ಇರ್ತೀನಿ.”

ತಮ್ಮ ಅಕ್ಕನ ಎದುರಿನ ಕುರ್ಚಿಯಲ್ಲಿ ಕುಳಿತ.

“ಖಾಲಿ ಬಿಡಕ್ಕ. ಇವತ್ತಿನ ನೀರಲ್ಲಿ ಏನಾದ್ರೂ ಇದ್ರೆ ಆಗ ಮುಚ್ಚೋಣ, ಬೇಡ ಅನ್ನಲ್ಲ. ಇಲ್ಲದೇ ಇದ್ರೆ? ಸುಮ್ಮನೆ ಮೂರು ತಿಂಗಳು ಬಾಗಿಲು ಹಾಕಿದ್ರೆ ಗಿರಾಕಿ ವಾಪಸ್ ಬರ್ತಾರೇನು? ಮುಚ್ಚಳ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾನೆ? ಅಪ್ಪ ಕಟ್ಟಿದ್ದು ಕಣೇ ಇದು.”

ಅಪ್ಪ ಎಂಬ ಮಾತು ಬರಬಾರದಿತ್ತು. ಪುಡಿಯ ಮಾತು ಕೇಳಿದಾಗಿನಿಂದ ಅಕ್ಕ ಮನಸ್ಸಿನಲ್ಲಿ ಅದುಮಿಟ್ಟುಕೊಂಡಿದ್ದ ಒಂದು ಬಾಗಿಲು ಆ ಮಾತಿಗೆ ತೆರೆದುಕೊಂಡಿತು.

ಹಿಂದಿನ ಬೇಸಿಗೆಯಲ್ಲಿ ಅಪ್ಪ ಆರು ವಾರ ಹಾಸಿಗೆ ಹಿಡಿದಿದ್ದ, ಮತ್ತೆ ಏಳಲಿಲ್ಲ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಜ್ವರ ಬಂದು ಹೋಗಿ ಮಾಡುತ್ತಿತ್ತು. ಅಕ್ಕ ನೀರು ಕಾಯಿಸಿ ಆರಿಸಿ ತಂದರೆ ಮುಖ ತಿರುಗಿಸುತ್ತಿದ್ದ. “ಕುದಿಸಿದ ನೀರು ಸತ್ತ ನೀರು ಕಣೇ, ಅದಕ್ಕೆ ರುಚೀನೇ ಇಲ್ಲ. ನಮ್ಮ ಬಾವೀದು ಕೊಡು.” ಅವಳು ಲೋಟವನ್ನು ಮೂರು ಸಲ ತೊಳೆದು ನಲ್ಲಿಯ ನೀರು ಹಿಡಿದು ಕೊಡುತ್ತಿದ್ದಳು. ಮನೆಗೆ ಬಂದ ಡಾಕ್ಟರು ಎರಡನೆಯ ವಾರದಲ್ಲಿ ಚೀಟಿ ಬರೆಯುತ್ತಾ, ತಲೆಯೆತ್ತದೆಯೇ, “ಮನೇಲಿ ಯಾವ ನೀರು ಕುಡೀತೀರಿ?” ಎಂದು ಕೇಳಿದ್ದರು.

ಅವಳು ಬಾಯಲ್ಲಿ ಹೇಳಲಿಲ್ಲ. ಬ್ರೂವರಿಯ ಮುಂದಿನ ಕೋಣೆಗೆ ಹೋಗಿ ಹನ್ನೊಂದನೆಯ ಚೌಕಟ್ಟನ್ನು ಮೊಳೆಯಿಂದ ಬಿಡಿಸಿ, ಸೆರಗಿನಿಂದ ಗಾಜು ಒರೆಸಿ, ತಂದು ಅವರ ಕೈಗಿಟ್ಟಳು. ಡಾಕ್ಟರು ಕನ್ನಡಕ ಏರಿಸಿ ಓದಿದರು. “ಹಾಗಾದ್ರೆ ನೀರಿಂದ ಅಲ್ಲ ಬಿಡಿ” ಎಂದು, ಚೀಟಿಯಲ್ಲಿ ಆಗಲೇ ಬರೆದಿದ್ದ ಒಂದು ಸಾಲನ್ನು ಹೊಡೆದು ಹಾಕಿದರು. ಅದು ಯಾವ ಪರೀಕ್ಷೆಯೆಂದು ಅವಳು ಕೇಳಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಅನಿಸಿದ್ದು ಹೆಮ್ಮೆ. ಅಪ್ಪನೂ ಹಾಸಿಗೆಯಿಂದಲೇ ನೋಡಿ ನಕ್ಕಿದ್ದ.

“ಅಪ್ಪ ಇದ್ದಿದ್ರೆ ಏನು ಮಾಡ್ತಿದ್ದ?” ಎಂದು ತಮ್ಮ ಕೇಳುತ್ತಿದ್ದ.

“ಅಪ್ಪ ಇಲ್ಲ,” ಎಂದಳು ಅಕ್ಕ. “ಅದಕ್ಕೇ ಬರೀಬೇಕು.”

“ಅಂದ್ರೆ?”

ಅವಳು ಡಾಕ್ಟರ ವಿಷಯ ಹೇಳಿದಳು. ಚೌಕಟ್ಟು ಒಯ್ದದ್ದು, ಸಾಲು ಹೊಡೆದದ್ದು, ಎಲ್ಲವನ್ನೂ. ತಮ್ಮನ ಮುಖದ ಮೇಲಿನ ಹಿಟ್ಟು ಮಾತ್ರ ಬಿಳಿಯಾಗಿ ಉಳಿದು ಮಿಕ್ಕದ್ದೆಲ್ಲ ಕಪ್ಪಿಟ್ಟಿತು. ಅವನು, “ಅವನಿಗೆ ಎಂಬತ್ತೊಂದು ವರ್ಷ ಆಗಿತ್ತು ಅಕ್ಕ,” ಎಂದ. ಸಮಾಧಾನ ಹೇಳಿದ್ದು ಅವಳಿಗೋ ತನಗೋ ಅವನಿಗೇ ತಿಳಿದಂತಿರಲಿಲ್ಲ.

“ದಿನಾ ಎಷ್ಟು ಜನ ಈ ಹೂಜಿಯಿಂದ ಕುಡೀತಾರೆ ಗೊತ್ತಾ ನಿಂಗೆ? ಅವರಲ್ಲಿ ಯಾರಿಗೋ ಹೊಟ್ಟೆ ಕೆಟ್ಟಿರುತ್ತೆ. ಅವರ ಡಾಕ್ಟರೂ ಕೇಳಿರ್ತಾರೆ. ‘ಬ್ರೂವರಿ ನೀರು ಕುಡಿದೆ, ಅದು ಪರೀಕ್ಷೆ ಮಾಡಿರೋ ನೀರು, ಗೋಡೆ ಮೇಲೇ ಹಾಕಿದ್ದಾರೆ’ ಅಂತ ಅವರೂ ಹೇಳಿರ್ತಾರೆ.”

ತಮ್ಮ ಎದ್ದು ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ. ಬಚ್ಚಲಿನಲ್ಲಿ ನೀರು ಸುರಿದ ಸದ್ದು ಕೇಳಿಸಿತು. ಅದೇ ಅವನ ಒಪ್ಪಿಗೆ. ಅಕ್ಕ ಪೆನ್ನು ತೆಗೆದುಕೊಂಡು, ದೂರು ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರದಲ್ಲಿ, ಹನ್ನೊಂದು ವರ್ಷವೂ ಬಾಟಲಿಯ ಪುಡಿಯನ್ನು ತೊಳೆದು ತೆಗೆದು, ಕ್ರಿಮಿನಾಶಕ ದ್ರಾವಣ ಹಾಕಿ ಬಗ್ಗಿಸಿ, ಮತ್ತೆ ಜಾಲಿಸದೆ ನೀರು ತುಂಬಿಸಿದ್ದಾಗಿ ಬರೆದು ಸಹಿ ಹಾಕಿದಳು. ಈ ಸಲ ‘ಮಾನ್ಯರೇ’ ಎಂಬುದಿರಲಿಲ್ಲ.

ಹೊರಡುವಾಗ ಲ್ಯಾಬಿನ ಹೆಂಗಸನ್ನು ಬಾಗಿಲಲ್ಲಿ ತಡೆದು ಒಂದೇ ಮಾತು ಕೇಳಿದಳು. “ಇವತ್ತಿನ ನೀರು ನೋಡಿ, ಹೋದ ವರ್ಷ ಹೇಗಿತ್ತು ಅಂತ ಹೇಳೋಕಾಗುತ್ತಾ?”

“ಇಲ್ಲಮ್ಮ. ಹೋದ ವರ್ಷದ್ದು ಹೋದ ವರ್ಷಾನೇ ಗೊತ್ತಾಗಬೇಕಿತ್ತು.”

ಮೂರನೆಯ ದಿನ ಫೋನು ಬಂತು. ನೀರಿನಲ್ಲಿ ಕ್ರಿಮಿಗಳಿದ್ದವು, ಇರಬಾರದ ಬಗೆಯವು, ಕೊಳಚೆಯಿಂದ ಬರುವಂಥವು. ತಮ್ಮ ಹೋಗಿ ದೊಡ್ಡ ಟ್ಯಾಂಕಿನ ಕೆಳಗಿನ ತಿರುಗಣೆ ಬಿಚ್ಚಿದ. ಎರಡು ವಾರದ ದುಡಿಮೆ ನೊರೆಯೆದ್ದು ಮೋರಿಯತ್ತ ಹರಿಯಿತು. ಮುಚ್ಚಳ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೊನೆಯ ಹನಿಯವರೆಗೂ ನಿಂತಿದ್ದ. ಅಕ್ಕ ಗೋಡೆಯಿಂದ ಚೌಕಟ್ಟುಗಳನ್ನು ಒಂದೊಂದಾಗಿ ಇಳಿಸಿದಳು. ಅವುಗಳ ಹಿಂದೆ ಗೋಡೆ ಹನ್ನೊಂದು ಕಡೆ ಹೊಸ ಬಣ್ಣದಂತೆ ಹೊಳೆಯುತ್ತಿತ್ತು. ಹತ್ತನ್ನು ಪೆಟ್ಟಿಗೆಗೆ ಹಾಕಿ, ಹನ್ನೊಂದನೆಯದನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನ ಡಾಕ್ಟರ ಬಳಿಗೆ ಹೋದಳು.

ರೋಗಿಗಳೆಲ್ಲ ಹೋಗಿದ್ದರು. ಚೌಕಟ್ಟನ್ನು ಮೇಜಿನ ಮೇಲಿಟ್ಟಾಗ ಡಾಕ್ಟರಿಗೆ ತಟ್ಟನೆ ಗುರುತು ಸಿಗಲಿಲ್ಲ. ಆಮೇಲೆ ಸಿಕ್ಕಿತು.

“ಅವತ್ತು ನಿಮಗೆ ತೋರಿಸಿದ್ನಲ್ಲ ಡಾಕ್ಟ್ರೇ, ಇದು ನಮ್ಮ ಬಾವಿ ನೀರಿನ ಪ್ರಮಾಣಪತ್ರ ಅಲ್ಲ. ನನ್ನ ಕೈಯ ಚೊಕ್ಕಟದ್ದು.” ನಡೆದದ್ದನ್ನು ಅಳುಕದೆ, ಒಂದು ಮಾತನ್ನೂ ಮೆತ್ತಗೆ ಮಾಡದೆ ಹೇಳಿದಳು.

ಡಾಕ್ಟರು ಕಪಾಟಿನಿಂದ ಹಳೆಯ ಕಡತ ತೆಗೆದು, ಹಾಳೆ ಮಗುಚಿ, ಒಂದೆಡೆ ಬೆರಳಿಟ್ಟು ನಿಂತರು. ಹೊಡೆದು ಹಾಕಿದ ಆ ಸಾಲು ಗೀಟಿನ ಕೆಳಗೆ ಇನ್ನೂ ಓದುವಂತಿತ್ತು.

“ಈ ಪರೀಕ್ಷೆ ಮಾಡಿಸಿದ್ರೂ ಅವರು ಉಳೀತಿದ್ರು ಅಂತ ಹೇಳೋಕಾಗಲ್ಲಮ್ಮ.”

“ಉಳೀತಿರಲಿಲ್ಲ ಅಂತಾನೂ ಹೇಳೋಕಾಗಲ್ಲ, ಅಲ್ವಾ?”

ಅವರು ತಲೆಯಾಡಿಸಿದರು. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಆಮೇಲೆ, “ತಪ್ಪು ನಿಮ್ಮೊಬ್ಬರದ್ದೇ ಅಲ್ಲ. ಕಾಗದ ನೋಡಿ ಸಾಲು ಹೊಡೆದ ಕೈ ನನ್ನದು,” ಎಂದರು.

“ನಾನು ತಪ್ಪು ಹಂಚಿಕೊಳ್ಳೋಕೆ ಬಂದಿಲ್ಲ ಡಾಕ್ಟ್ರೇ. ನಡೆದದ್ದನ್ನ ಅಲ್ಲೇ, ಆ ಸಾಲಿನ ಪಕ್ಕದಲ್ಲೇ ಬರೀರಿ. ಮತ್ತೆ ಮುಂದೆ ಯಾರಾದ್ರೂ ನನ್ನ ಹಾಗೆ ಚೌಕಟ್ಟು ಹಿಡ್ಕೊಂಡು ಬಂದ್ರೆ, ಆ ನೀರನ್ನ ಹೇಗೆ ಹಿಡಿದ್ರಿ ಅಂತ ಒಂದು ಮಾತು ಕೇಳಿ.”

ಡಾಕ್ಟರು ಕುಳಿತು ಬರೆದರು. ಬರೆಯುವುದು ಮುಗಿಯುವವರೆಗೂ ಅಕ್ಕ ಕದಲಲಿಲ್ಲ. ಬಿಸಿಲಲ್ಲಿ ನಡೆದು ಬಂದ ಅವಳ ತುಟಿ ಒಣಗಿದ್ದನ್ನು ಕಂಡು ಅವರು ಮೂಲೆಯ ಪಾತ್ರೆಯಿಂದ ಒಂದು ಲೋಟ ನೀರು ಬಗ್ಗಿಸಿ ಮುಂದಿಟ್ಟರು. “ಕುಡೀರಿ. ಕುದಿಸಿ ಆರಿಸಿದ್ದು.”

ಲೋಟದ ಅಂಚಿನಲ್ಲಿ ಯಾರದೋ ಬೆರಳಿನ ಗುರುತಿತ್ತು. ಬೇರೆ ಯಾವ ದಿನವಾದರೂ ಅವಳು ಎದ್ದು ಹೋಗಿ ಅದನ್ನು ತೊಳೆದುಕೊಂಡು ಬರುತ್ತಿದ್ದಳು. ಇಂದು ಹಾಗೆಯೇ ಎತ್ತಿ ಬಾಯಿಗಿಟ್ಟಳು. ಅಪ್ಪ ಹೇಳುತ್ತಿದ್ದುದು ನಿಜ, ಅದಕ್ಕೆ ರುಚಿಯೇ ಇರಲಿಲ್ಲ. ತಳದವರೆಗೂ ಕುಡಿದಳು.